ಸಹಾಯ ಬೇಕು: ಟೆಲಿಸ್ಕೋಪ್ ಟ್ಯೂಬ್ ಬಗ್ಗಿಸಿದರೆ ಕನ್ನಡಿಗಳ ಜೋಡಣೆ ತಪ್ಪುತ್ತಿದೆ

ನನ್ನದು 12 ಇಂಚಿನ ಕನ್ನಡಿಯ, ಎಫ್/5 (ಫೋಕಸ್ ದೂರ ಕನ್ನಡಿ ಅಗಲದ ಐದು ಪಟ್ಟು) ಟ್ರಸ್ ಡಾಬ್ಸೋನಿಯನ್, ಅಂದರೆ ಮುಚ್ಚಿದ ಕೊಳವೆಯ ಬದಲು ಕಂಬಗಳಿರುವ, ಸರಳ ಪೀಠದ ಮೇಲೆ ಕೂರುವ ಕನ್ನಡಿ ಟೆಲಿಸ್ಕೋಪ್. ಟ್ಯೂಬ್ ನೆಟ್ಟಗೆ ನಿಲ್ಲಿಸಿ, ಕನ್ನಡಿಗಳ ಜೋಡಣೆ ನೋಡುವ ಲೇಸರ್ ಹಾಕಿದರೆ ಎಲ್ಲ ಸರಿ. ಚುಕ್ಕೆ ದೊಡ್ಡ ಕನ್ನಡಿಯ ನಡುವಿನ ಗುರುತಿನ ಉಂಗುರದೊಳಗೇ ಬೀಳುತ್ತದೆ, ವಾಪಸ್ ಬಂದ ಬೆಳಕೂ ಲೇಸರ್‌ನ ತೂತಿಗೇ ಸೇರುತ್ತದೆ. ಶನಿ ನೋಡೋಣ ಅಂತ ಕೆಳಗೆ ಬಗ್ಗಿಸಿದರೆ ಮುಗೀತು, ಚುಕ್ಕೆ ಉಂಗುರದಿಂದ ಅರ್ಧ ಬೆರಳು ಆಚೆ! ನಕ್ಷತ್ರವನ್ನು ಸ್ವಲ್ಪ ಫೋಕಸ್ ತಪ್ಪಿಸಿ ನೋಡಿದರೆ ಅದರ ಬೆಳಕಿನ ಬಳೆಗಳೆಲ್ಲ ಒಂದೇ ಕಡೆ ಒತ್ತಿಕೊಂಡಿರುತ್ತವೆ.

ಲೇಸರನ್ನು ಫೋಕಸರ್‌ನಲ್ಲೇ (ಕಣ್ಣಿನ ಮಸೂರ ಕೂರಿಸುವ ಕೊಳವೆ) ತಿರುಗಿಸಿ ನೋಡಿದೆ, ಚುಕ್ಕೆ ಸುತ್ತು ಹೊಡೆಯಲಿಲ್ಲ. ಹಾಗಾಗಿ ತಪ್ಪು ಅದರದ್ದಲ್ಲ ಅಲ್ವಾ? ಸಣ್ಣ ಕನ್ನಡಿಯ ಹಿಡಿಕೆ ಅಥವಾ ಟ್ರಸ್ ಕಂಬ ಸಡಿಲ ಇರಬಹುದು ಅಂತ ಅನುಮಾನ. ದೊಡ್ಡ ಕನ್ನಡಿಯೇ ಕೂತ ಜಾಗದಿಂದ ಜಾರುತ್ತಿದ್ದರೆ ಹೇಗೆ ಪತ್ತೆ ಮಾಡುವುದು? ಸುಮ್ನೆ ಸಿಕ್ಕ ಸ್ಕ್ರೂ ಎಲ್ಲ ಬಿಗಿ ಮಾಡಲು ಭಯ, ಕನ್ನಡಿ ಹಿಂಡಿದ ಹಾಗಾದರೆ ಕಷ್ಟ. ಇದೇ ಪಾಡು ಪಟ್ಟವರು ಮೊದಲು ಎಲ್ಲಿ ಕೈ ಹಾಕಿದಿರಿ, ಹೇಳಿ.