ಅಪ್‌ಡೇಟ್: ಗೇಮಿಂಗ್ ಲ್ಯಾಪ್‌ಟಾಪ್ ಬಂತು

ಆರ್‌ಟಿಎಕ್ಸ್ 4050 ಗ್ರಾಫಿಕ್ಸ್ ಚಿಪ್ ಸಾಕಾ, 4060 ಬೇಕಾ ಅಂತ ಹಿಂದೆ ಇಲ್ಲಿ ಕೇಳಿದ್ದೆನಲ್ಲ, ಕೊನೆಗೆ 4060 ಇರುವುದನ್ನೇ ತಗೊಂಡೆ. 6 ಜಿಬಿ ಬದಲು 8 ಜಿಬಿ ವಿಡಿಯೊ ಮೆಮೊರಿ ಸಿಗುತ್ತದೆ ಎಂದು ನೀವು ಹೇಳಿದ್ದೇ ಕಾರಣ. ಥ್ಯಾಂಕ್ಸ್!

ಸ್ಕ್ರೀನ್ ಸೂಪರ್. ಆದರೆ 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಾಗುವ) ಪ್ಯಾನೆಲ್ ವಿಂಡೋಸ್‌ನಲ್ಲಿ 60ಕ್ಕೇ ಸೆಟ್ ಆಗಿತ್ತು. ಬದಲಾಯಿಸಿದ ಮೇಲೆ ಮೌಸ್ ಬಾಣ ಓಡುವ ರೀತಿಯೇ ಬೇರೆ.

ಫ್ಯಾನ್ ಸದ್ದು ಮಾತ್ರ ಜಾಸ್ತಿ. ಪೂರ್ತಿ ವೇಗದ ಟರ್ಬೊ ಮೋಡ್ ಹಾಕಿದರೆ ಪಕ್ಕದಲ್ಲೇ ಮಿಕ್ಸಿ ತಿರುಗಿದ ಹಾಗೆ; ಅಮ್ಮ ಅಡುಗೆಮನೆಯಿಂದಲೇ "ಏನೋ ಅದು?" ಅಂತಾರೆ. ಫ್ರೇಮ್ ರೇಟ್ (ಆಟ ಸೆಕೆಂಡಿಗೆ ತೋರಿಸುವ ಚಿತ್ರಗಳ ಸಂಖ್ಯೆ) 60ಕ್ಕೆ ಲಾಕ್ ಮಾಡಿದರೆ ಫ್ಯಾನ್ ಸದ್ದು ಕಡಿಮೆಯಾಗುತ್ತದೆ, ಕಥೆ ಇರುವ ಆಟಗಳಿಗೆ ಅಷ್ಟು ಸಾಕು. ಚಾರ್ಜರ್ ತೆಗೆದು ಆಡುವ ಆಸೆ ಬಿಡಿ. ಬ್ಯಾಟರಿಯಲ್ಲಿ ಗ್ರಾಫಿಕ್ಸ್ ಚಿಪ್‌ಗೆ ಪವರ್ ಕಡಿಮೆ ಹೋಗುತ್ತದೆ, ಆಟ ತಡವರಿಸುತ್ತದೆ.

ರ‍್ಯಾಮ್ 16 ಜಿಬಿಯ ಒಂದೇ ಕಡ್ಡಿ. ಸಂಬಳ ಬಂದ ಮೇಲೆ ಇನ್ನೊಂದು ಹಾಕಿಸ್ತೇನೆ, ಡ್ಯುಯಲ್ ಚಾನೆಲ್ (ಎರಡೂ ಕಡ್ಡಿ ಒಟ್ಟಿಗೆ ಕೆಲಸ ಮಾಡಿ ವೇಗ ಹೆಚ್ಚುವುದು) ಆಗುತ್ತದಲ್ವಾ?