ಸುಧೀ, ನಿನ್ನ ಪ್ಲಾನ್ ನೋಡ್ದೆ ಕಣೋ

ಸುಧೀ, ನಿನ್ನೆ ರಾತ್ರಿ ಗ್ರೂಪಲ್ಲಿ ನೀನು ಹಾಕಿದ ಪ್ಲಾನ್ ನೋಡ್ದೆ ಕಣೋ. ಟೈಪ್ ಮಾಡೋಕೆ ಬೆರಳು ಬಗ್ಗಲ್ಲ, ಅದಕ್ಕೇ ಮಾತಾಡಿ ಕಳಿಸ್ತಿದೀನಿ. ಉದ್ದ ಆಯ್ತು ಅಂತ ಯಾರೂ ಅರ್ಧಕ್ಕೆ ನಿಲ್ಲಿಸ್ಬೇಡಿ. ಹನುಮಂತನಗರದ ಹಳೇ ಮನೆ ಕೆಡವೋದು, ಆ 60-40 ಸೈಟಲ್ಲಿ ಕೆಳಗೆ ಪಾರ್ಕಿಂಗು, ಮೇಲೆ ಮೂರು ಮಹಡಿ, 12 ರೂಮು. ನಿಮ್ಮಪ್ಪ ಅಮ್ಮ, ಶಾರದಕ್ಕ, ನಾನು ಎಲ್ಲ ಅಲ್ಲೇ ಇರೋದು, ಮಿಕ್ಕ ರೂಮು ಹೊರಗಿನ ಹಿರಿಯರಿಗೆ ಕೊಟ್ಟು ಖರ್ಚು ಸರಿದೂಗಿಸೋದು. ನಮ್ಮ ಬಗ್ಗೆ ಇಷ್ಟು ಯೋಚನೆ ಮಾಡಿದೀಯಲ್ಲ, ಸಂತೋಷ ಆಯ್ತು. ಆದ್ರೆ ಪ್ಲಾನ್ ನೋಡಿದ್ರೆ ಪಿಜಿ ಥರ ಇದೆ ಮಗಾ.

ಕಾರಿಗೆ ನೆಲ, ಮುದುಕರಿಗೆ ಮಹಡಿ, ಇದ್ಯಾವ ನ್ಯಾಯ? ಲಿಫ್ಟ್ ಇದೆಯಲ್ಲತ್ತೆ ಅಂತೀಯ. ನೀನು ತೋರಿಸಿರೋದು ಆರು ಜನದ ಲಿಫ್ಟು. ಅದರಲ್ಲಿ ಸ್ಟ್ರೆಚರ್ ಉದ್ದಕ್ಕೆ ಹಿಡಿಯಲ್ಲ, ಪೇಷೆಂಟನ್ನ ಕೂರಿಸಿ ಇಳಿಸ್ಬೇಕು. ಸೊಂಟದ ಮೂಳೆ ಮುರಿದೋರನ್ನ ಹೇಗೋ ಕೂರಿಸ್ತೀಯ? ಹಾಗಂತ ನೆಲಮಹಡೀಲೇ ರೂಮು ಮಾಡಿದ್ರೂ, ಈಗಿನ ಜಗಲಿ ರಸ್ತೆಗಿಂತ ಎರಡೂವರೆ ಅಡಿ ಮೇಲಿದೆ. ರ‍್ಯಾಂಪಿಗೆ ಒಂದಕ್ಕೆ ಹನ್ನೆರಡು ಅನ್ನೋದು ಲೆಕ್ಕ, ಒಂದಡಿ ಏರೋಕೆ 12 ಅಡಿ ಉದ್ದ. ಎರಡೂವರೆ ಅಡಿಗೆ 30 ಅಡಿ ಆಯ್ತು, ತಿರುವಲ್ಲಿ ಸಮತಟ್ಟು ಜಾಗ ಬೇರೆ. ನಿನ್ನ ಡ್ರಾಯಿಂಗಲ್ಲಿ ಎಂಟು ಅಡಿಯ ಒಂದು ಗೆರೆ ಎಳೆದು ರ‍್ಯಾಂಪ್ ಅಂತ ಬರೆದಿದಾರೆ. ಬಜಾರಲ್ಲಿ ಲಾರಿಗೆ ಮೂಟೆ ಏರಿಸೋ ಹಲಗೆ ಹಾಗಿರುತ್ತೆ.

ಈಗ ಬಾತ್‌ರೂಮು. ನಾನು 31 ವರ್ಷ ವಾರ್ಡಲ್ಲಿ ಕೆಲಸ ಮಾಡಿದೋಳು, ನನಗೆ ಮನೆ ಅಂದ್ರೆ ಮೊದಲು ಕಾಣೋದೇ ಅದು. ನೀನು ಕೊಟ್ಟಿರೋದು 4 ಅಡಿಗೆ 7 ಅಡಿ, ಬಾಗಿಲು ಎರಡೂವರೆ ಅಡಿ, ಒಳಗಡೆಗೆ ತೆಗೆಯೋದು. ವೀಲ್‌ಚೇರ್ ಒಂದು ಸುತ್ತು ತಿರುಗೋಕೆ 5 ಅಡಿ ಬೇಕಪ್ಪ. ಬಾಗಿಲಿಗೆ ಚೌಕಟ್ಟು ಬಿಟ್ಟು 3 ಅಡಿ ಸಿಗ್ಬೇಕು, ಅದೂ ಹೊರಗಡೆಗೆ ತೆಗೀಬೇಕು. ಒಳಗೆ ಬಿದ್ದೋರು ಬಾಗಿಲಿಗೆ ಅಡ್ಡ ಬಿದ್ದಿದ್ರೆ ಹೊರಗಿಂದ ತಳ್ಳೋಕಾಗುತ್ತಾ? ನೀರು ಆಚೆ ಬರಬಾರದು ಅಂತ ಮೇಸ್ತ್ರಿ ಒಂದಿಂಚು ಹೊಸಿಲು ಕಟ್ತಾನಲ್ಲ, ಅದನ್ನ ಕಟ್ಟೋಕೇ ಬಿಡ್ಬೇಡ. ಕಾಲು ಎಳೆದು ನಡೆಯೋರಿಗೆ ಆ ಒಂದಿಂಚೇ ಸಾಕು ಮುಗ್ಗರಿಸೋಕೆ.

ನಮ್ಮತ್ತೆಯವರ ವಿಷಯ ನಿಮಗೆಲ್ಲ ಪೂರ್ತಿ ಹೇಳಿರ್ಲಿಲ್ಲ. ನನ್ನ ಮಂಡಿ ಆಪರೇಷನ್ ಆದಾಗ ಮೂರು ತಿಂಗಳು ಅವರನ್ನ ಒಂದು ಕಡೆ ಬಿಟ್ಟಿದ್ವಲ್ಲ, ಹೆಸರು ಬೇಡ. ಚೆಂದದ ಜಾಗ, ತೋಟ, ದೇವರ ಮನೆ ಎಲ್ಲ ಇತ್ತು. ಕರೆಗಂಟೆ ಮಾತ್ರ ಹಾಸಿಗೆ ಪಕ್ಕದ ಗೋಡೇಲಿ, ನಾಲ್ಕಡಿ ಎತ್ತರದಲ್ಲಿ. ಒಂದು ರಾತ್ರಿ ಮಂಚದಿಂದ ಜಾರಿದಾರೆ. ನೆಲದಲ್ಲಿ ಕೂತೋರ ಕೈ ಗಂಟೆಗೆ ಎಲ್ಲಿ ಎಟುಕುತ್ತೆ? ಬೆಳಗ್ಗೆ ಐದಕ್ಕೆ ಕಸ ಗುಡಿಸೋಕೆ ಬಂದ ಹುಡುಗಿ ನೋಡಿದ್ದು. ಸೀರೆ ಒದ್ದೆ ಆಗಿತ್ತು, ಅದನ್ನ ಯಾರಿಗೂ ಹೇಳ್ಬೇಡ ಅಂದ್ರು. ಅವರಿಲ್ಲ ಈಗ, ಅದಕ್ಕೆ ಹೇಳ್ತಿದೀನಿ. ಗಂಟೆಗೊಂದು ದಾರ ಕಟ್ಟಿ ನೆಲದ ತನಕ ಇಳಿಬಿಟ್ಟಿದ್ರೆ ಮುಗೀತಿತ್ತು.

ಆದ್ರೆ ದಾರ ಎಳೆದ್ರೆ ಓಡಿ ಬರೋರು ಯಾರು, ಅದೇ ನಿನ್ನ ಪ್ಲಾನಲ್ಲಿಲ್ಲ. ವಾರಕ್ಕೆ 168 ಗಂಟೆ. ಒಬ್ಬಳ ಕೆಲಸ 48 ಗಂಟೆ. ಒಂದು ಜಾಗದಲ್ಲಿ ಹಗಲೂ ರಾತ್ರಿ ಒಬ್ಬಳು ಇರ್ಬೇಕು ಅಂದ್ರೆ ಮೂರೂವರೆ ಜನ. ರಜ, ಜ್ವರ, ಊರ ಜಾತ್ರೆ ಸೇರಿಸಿದ್ರೆ ನಾಲ್ಕು. 12 ರೂಮಿಗೆ ಒಬ್ಬಳು ಸಾಲಲ್ಲ. ಒಬ್ಬರನ್ನ ಎತ್ತಿ ಕೂರಿಸೋಕೇ ಇಬ್ಬರು ಬೇಕು. ಎಂಟು ಸಂಬಳ ಆಯ್ತಾ? ಅಡಿಗೆಯವರು, ಬಟ್ಟೆ ಒಗೆಯೋರು ಇನ್ನೂ ಬಂದಿಲ್ಲ. ಈ ಹುಡುಗೀರು ಎಲ್ಲಿ ಮಲಗ್ತಾರೆ, ಎಲ್ಲಿ ಉಣ್ತಾರೆ? ಅವರಿಗೊಂದು ರೂಮಿಲ್ಲ, ಒಂದು ಟಾಯ್ಲೆಟ್ಟಿಲ್ಲ ನಿನ್ನ ಡ್ರಾಯಿಂಗಲ್ಲಿ. ಮೂರನೇ ತಿಂಗಳಿಗೆ ಬಿಟ್ಟು ಹೋಗ್ತಾರೆ, ಹೋಗ್ಲೇಬೇಕು.

ರಮೇಶ, ನೀನು ದೇವನಹಳ್ಳಿ ಕಡೆಯ ಹಿರಿಯರ ಫ್ಲಾಟಿನ ಬ್ರೋಷರ್ ಹಾಕಿ ರೇರಾ ಆಗಿದೆ, ಅಂದ್ರೆ ಬಿಲ್ಡರುಗಳ ಮೇಲೆ ಕಣ್ಣಿಡೋ ಸರ್ಕಾರಿ ಪ್ರಾಧಿಕಾರದಲ್ಲಿ ನೋಂದಣಿ ಆಗಿದೆ, ಭಯ ಇಲ್ಲ ಅಂದೆಯಲ್ಲ. ರೇರಾ ಇರೋದು ಒಳ್ಳೇದೇ, ನಮ್ಮ ದುಡ್ಡಲ್ಲಿ 70 ಪರ್ಸೆಂಟ್ ಬಿಲ್ಡರು ಬೇರೆ ಅಕೌಂಟಲ್ಲಿ ಇಡ್ಬೇಕು, ಅದು ಅದೇ ಪ್ರಾಜೆಕ್ಟಿನ ಜಾಗಕ್ಕೆ, ಕಟ್ಟಡಕ್ಕೆ ಖರ್ಚಾಗ್ಬೇಕು. ಆದ್ರೆ ಅದು ನೋಡೋದು ಕಟ್ಟಡಾನ. ಶಾರದಕ್ಕನಿಗೆ ಸ್ನಾನ ಮಾಡ್ಸೋರು ಬಂದ್ರಾ ಅಂತ ರೇರಾ ಕೇಳಲ್ಲ. ಬ್ರೋಷರಲ್ಲಿ ನಗ್ತಾ ವಾಕಿಂಗ್ ಮಾಡ್ತಿರೋರೆಲ್ಲ ಅವರಷ್ಟಕ್ಕೆ ಅವರು ಓಡಾಡ್ಕೊಂಡಿರೋರು. ನಡೆಯೋಕಾಗದ ದಿನ ಅದೇ ಫ್ಲಾಟಲ್ಲಿ ಇಟ್ಕೋತೀರಾ, ತಿಂಗಳ ದುಡ್ಡು ಎಷ್ಟು ಏರುತ್ತೆ, ಬಿಟ್ರೆ ಡಿಪಾಸಿಟ್ ಎಷ್ಟು ದಿನಕ್ಕೆ ವಾಪಸ್ಸು, ಇವು ಅಗ್ರಿಮೆಂಟಲ್ಲಿ ಇದ್ಯಾ ನೋಡು. ಕೇಂದ್ರದವರು 2019ರಲ್ಲಿ ಇಂಥ ಹಿರಿಯರ ಮನೆಗಳಿಗೆ ಅಂತ ಮಾದರಿ ಮಾರ್ಗಸೂಚಿ ಮಾಡಿದಾರೆ. ಅದನ್ನ ಓದ್ಕೊಂಡು ಹೋಗು, ಏನೇನು ಕೇಳ್ಬೇಕು ಅನ್ನೋದು ಗೊತ್ತಾಗುತ್ತೆ.

ಅಣ್ಣ, ಇದು ನಿಮಗೆ. ಮನೆ ನಿಮ್ಮ ಹೆಸರಲ್ಲಿದೆ. ಸುಧಿಗೆ ದಾನಪತ್ರ ಮಾಡಿಕೊಡೋದಾದ್ರೆ ನೋಡ್ಕೋಬೇಕು ಅನ್ನೋ ಷರತ್ತನ್ನ ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮು ಅದಕ್ಕೇ ಇರೋದು. ಷರತ್ತು ಬರೆದಿದ್ರೆ, ನೋಡ್ಕೊಳ್ಳದೆ ಹೋದಾಗ ಪತ್ರ ರದ್ದು ಮಾಡ್ಸೋ ದಾರಿ ಸುಲಭ. ಸುಧಿ ಮೇಲೆ ಅನುಮಾನ ಅಲ್ಲ, ಬೇಜಾರು ಮಾಡ್ಕೋಬೇಡ ಕಣೋ. ನನ್ನ ಮಗನಿಗೂ ಹಾಗೇ ಬರೆಸಿದೀನಿ.

ಈಗಲೇ ಕೆಡವ್ಬೇಡ. ಹಾಲ್ ಪಕ್ಕದ ಎರಡು ರೂಮು, ಒಂದು ಬಾತ್‌ರೂಮು ಸರಿ ಮಾಡು. ಶಾರದಕ್ಕನೂ ನಾನೂ ಆರು ತಿಂಗಳು ಇದ್ದು ನೋಡ್ತೀವಿ. ರಾತ್ರಿಗೆ ಒಬ್ಬರನ್ನ ಇಟ್ಟು, ಎಷ್ಟು ಸಲ ಗಂಟೆ ಹೊಡೀತು ಅಂತ ಒಂದು ನೋಟ್‌ಬುಕ್ಕಲ್ಲಿ ಬರೆಸೋಣ. ಆಮೇಲೆ ಆರ್ಕಿಟೆಕ್ಟ್ ಹತ್ರ ಹೋಗು, ಹೊರಗಿನೋರನ್ನ ಇಟ್ಕೊಳ್ಳೋಕೆ ಯಾವ ಮಂಜೂರಾತಿ ಬೇಕು ಅಂತ ಅವರನ್ನೇ ಕೇಳು.

ಭಾನುವಾರ ಬಾ. ಅತ್ತೆಯವರ ವೀಲ್‌ಚೇರ್ ಅಟ್ಟದ ಮೇಲಿದೆ, ಇಳಿಸ್ಕೊಂಡು ಹನುಮಂತನಗರಕ್ಕೆ ಹೋಗೋಣ. ಅಳತೆ ಟೇಪ್ ತಗೊಂಡು ಬಾ. ಕುರ್ಚೀಲಿ ನೀನು ಕೂತ್ಕೋ, ಗೇಟಿಂದ ಬಚ್ಚಲ ತನಕ ನಾನು ತಳ್ತೀನಿ.