ಹಿಮ್ಮಡಿಗೆ ಹಚ್ಚೋ ತುಪ್ಪ ಬ್ರಸೆಲ್ಸ್ ಮುಟ್ಟಿದ ಕತೆ

ನಿನ್ನೆ ಸಂಜೆ ಶಿರಸಿ ಬಸ್‌ಸ್ಟ್ಯಾಂಡ್ ಹತ್ರ ಚಾ ಕುಡೀತಾ ಕೂತಿದ್ವಿ, ಸುಬ್ರಾಯ ಯಾವ್ದೋ ಲಂಡನ್ ಚಾಕಲೇಟ್ ತಂದಿದ್ದ, ರಾಘು ತಿನ್ನೋದು ಬಿಟ್ಟು ಅದರ ರ್‍ಯಾಪರ್ ಓದ್ತಾ ಕೂತ.

"ಇದಕ್ಕೋಸ್ಕರ ಯುರೋಪಲ್ಲಿ 27 ವರ್ಷ ಜಗಳ ಆಗಿದೆ ಗೊತ್ತಾ" ಅಂದ. "1973ರಲ್ಲಿ ಬ್ರಿಟನ್, ಐರ್ಲೆಂಡ್, ಡೆನ್ಮಾರ್ಕ್ ಯುರೋಪ್ ದೇಶಗಳ ಒಕ್ಕೂಟ ಸೇರಿದ್ವಲ್ಲ, ಅವ್ರ ಚಾಕಲೇಟಲ್ಲಿ ಕೋಕೋ ಬೆಣ್ಣೆ ಜೊತೆ ಬೇರೆ ಗಿಡದ ಕೊಬ್ಬೂ ಇರತ್ತೆ. ಬೆಲ್ಜಿಯಂ, ಫ್ರಾನ್ಸ್‌ನವ್ರು ಅದನ್ನ ಚಾಕಲೇಟ್ ಅಂತ ಕರೆಯೋಕೇ ಒಪ್ಪಲಿಲ್ಲ."

"ನಮ್ಮಮ್ಮ ಪ್ಯಾಕೆಟ್ ತುಪ್ಪಾನ ತುಪ್ಪ ಅನ್ನಲ್ವಲ್ಲ, ಹಂಗೆ" ಅಂದೆ.

"ಹಂಗೇ. ಆಗಿನ ಲಾಬಿ ನೋಡು, ಅಂದ್ರೆ ನಿಯಮ ತಮ್ಮ ಕಡೆ ಬರ್ಲಿ ಅಂತ ಒತ್ತಡ ತರೋದು. 2020ರಲ್ಲಿ ಬ್ರಿಟನ್ ಒಕ್ಕೂಟ ಬಿಡ್ತು, ಅದಕ್ಕೂ ಮುಂಚಿನ ಮಾತು. ಬ್ರಿಟನ್ ಕಂಪನಿಯವ್ರು ಮೊದ್ಲು ಲಂಡನ್ನಲ್ಲಿ ಸ್ವಂತ ಮಂತ್ರಿ ಬಾಗಿಲು ತಟ್ಟಬೇಕಿತ್ತು, ಯಾಕಂದ್ರೆ ಒಕ್ಕೂಟದ ಕಚೇರಿ ಇರೋ ಬ್ರಸೆಲ್ಸಲ್ಲಿ ಎಲ್ಲಾ ದೇಶದ ಮಂತ್ರಿಗಳು ಕೂತಾಗ ಓಟು ಹಾಕ್ತಿದ್ದೋನು ಅವ್ನೇ. ನಿಯಮದ ಕರಡು ಬರೆಯೋದು ಒಕ್ಕೂಟದ ಆಡಳಿತ ನೋಡ್ಕೊಳ್ಳೋ ಯುರೋಪಿಯನ್ ಕಮಿಷನ್, ಸೋ ಅಲ್ಲೂ ಹೋಗ್ಬೇಕಿತ್ತು, ಯುರೋಪ್ ಪಾರ್ಲಿಮೆಂಟ್ ಎಂಪಿಗಳ ಬೆನ್ನೂ ಹತ್ಬೇಕಿತ್ತು, ಇದು ಸಾಲ್ದು ಅಂತ ಎಲ್ಲಾ ದೇಶದ ಚಾಕಲೇಟು ಬಿಸ್ಕತ್ತಿನವ್ರೂ ಸೇರಿ ಬ್ರಸೆಲ್ಸಲ್ಲೇ ಒಂದು ಸಂಘ ಇಟ್ಕೊಂಡಿದ್ದಾರೆ, ಕಾವೊಬಿಸ್ಕೋ ಅಂತ."

"ಜಗಳ ಆಡೋ ಎರಡೂ ಪಾರ್ಟಿ ಒಂದೇ ಸಂಘದಲ್ಲಾ? ಅಡಿಕೆ ಮಾರೋನೂ ಕೊಳ್ಳೋನೂ ಒಂದೇ ಸೊಸೈಟಿ ಡೈರೆಕ್ಟರ್ ಆದಂಗಾಯ್ತು ಮಾರಾಯ" ಅಂದ ಸುಬ್ರಾಯ.

"ಅದಕ್ಕೇ ಸ್ವಂತ ಸರ್ಕಾರದ ಬಾಗಿಲು ಬಿಡೋ ಹಂಗಿರ್ಲಿಲ್ಲ ಅಂದಿದ್ದು. ಕೊನೆಗೆ 2000ದಲ್ಲಿ ನಿಯಮ ಬಂತು, 5 ಪರ್ಸೆಂಟ್ ತನಕ ಹಾಕಿ, ಆದ್ರೆ ಲೇಬಲ್ ಮೇಲೆ ಬರೀರಿ. ಹಾಲು ಜಾಸ್ತಿ ಇರೋ ಬ್ರಿಟಿಷ್ ಚಾಕಲೇಟಿಗೆ ಊರಲ್ಲಿ ಒಂದು ಹೆಸರು, ಆಚೆ ದೇಶದಲ್ಲಿ 'ಫ್ಯಾಮಿಲಿ ಮಿಲ್ಕ್ ಚಾಕಲೇಟ್'. ಇಟಲಿ, ಸ್ಪೇನ್ ಮಾತ್ರ ಇದು ಬದಲಿ ಚಾಕಲೇಟೇ ಅಂತ ಹಠ ಹಿಡಿದು 2003ರಲ್ಲಿ ಯುರೋಪ್ ಕೋರ್ಟಲ್ಲಿ ಸೋತ್ವು."

"ಫ್ಯಾಮಿಲಿ ಅಂತೆ! ಮದುವೆ ಆಗ್ದೇ ಇರೋರು ತಿನ್ನಂಗಿಲ್ವಾ?" ಅಂತ ನಕ್ಕ ಸುಬ್ರಾಯ, ಅವ್ನಿಗೆ ಹುಡುಗಿ ನೋಡ್ತಾ ಇದ್ದಾರೆ, ಅದೇ ತಲೇಲಿ ಇರತ್ತೆ.

"ಯಾವ ಕೊಬ್ಬು ಅಂತಾನೂ ಕಾನೂನಲ್ಲಿದೆ, ಆರೇ ಆರು. ತಾಳೆ ಎಣ್ಣೆ, ಶಿಯಾ, ಇಲ್ಲಿಪೆ, ಸಾಲ್, ಮಾವಿನ ಗೊರಟಿಂದು, ಆಮೇಲೆ ಗಾರ್ಸಿನಿಯಾ ಇಂಡಿಕಾ."

"ಅದ್ಯಾವ್ದು?"

"ಮುರುಗಲು."

ಸುಬ್ರಾಯನ ದವಡೆ ಅಲ್ಲೇ ನಿಂತೋಯ್ತು. ಅವ್ರಜ್ಜಿ ಚಳಿಗಾಲ ಬಂದ್ರೆ ಮುರುಗಲು ತುಪ್ಪ ಬಿಸಿ ಮಾಡಿ ಒಡೆದ ಹಿಮ್ಮಡಿಗೆ ಸವರ್ಕೊಳ್ಳೋದನ್ನ ನಾವೆಲ್ಲಾ ನೋಡಿದೀವಿ.

"ಅಲ್ಲಾ, ನಮ್ಮಜ್ಜಿ ಯಾವಾಗ ಬ್ರಸೆಲ್ಸಿಗೆ ಹೋಗಿದ್ಲೋ?"

"ತಿನ್ನೋ, ಇದ್ರಲ್ಲಿ ತಾಳೆ, ಶಿಯಾ ಅಂತ ಬರ್ದಿದೆ" ಅಂತ ರಾಘು ರ್‍ಯಾಪರ್ ತೋರಿಸಿದ. ಪ್ರಯೋಜನ ಆಗ್ಲಿಲ್ಲ, ಉಳಿದಿದ್ದನ್ನ ಚಾದಂಗಡಿ ಹುಡುಗ ತಿಂದ.